‘ಒಲ್ಲೆ’ ಎಂಬ ಮಾತನ್ನು ಕೇಳಿಸಿಕೊಳ್ಳುವವರು ಯಾರು?

ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಬಿವಿಬಿ ಆವರಣದಲ್ಲಿ 2024ರ ಏಪ್ರಿಲ್ 18ರಂದು ಎಂಸಿಎ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆರೋಪಿ ಆಕೆಯ ಹಿಂದಿನ ಸಹಪಾಠಿ. ತಿಂಗಳು ತುಂಬುವುದರೊಳಗೆ, ಮೇ 15ರ ನಸುಕಿನಲ್ಲಿ, ಅದೇ ಊರಿನ ವೀರಾಪುರ ಓಣಿಯಲ್ಲಿ ಇಪ್ಪತ್ತರ ಹರೆಯದ ಯುವತಿಯೊಬ್ಬಳನ್ನು ಮನೆಯೊಳಗೇ ಇರಿದು ಕೊಲ್ಲಲಾಯಿತು. ಆರೋಪಿಗಳ ತಪ್ಪು–ಒಪ್ಪನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಎರಡೂ ಪ್ರಕರಣಗಳಲ್ಲಿ ಹೊರಬಂದ ಹೇಳಿಕೆಗಳ ತಿರುಳು ಒಂದೇ: ಆಕೆ ಒಪ್ಪಲಿಲ್ಲ.

ಆಗ ಲೋಕಸಭಾ ಚುನಾವಣೆಯ ಪ್ರಚಾರದ ಕಾವು. ಕೊಂದವನು ಯಾವ ಧರ್ಮದವನು, ಯಾವ ಪಕ್ಷಕ್ಕೆ ಇದರಿಂದ ಲಾಭ ಎಂಬ ಚರ್ಚೆ ಬೀದಿಬೀದಿಯಲ್ಲಿ ನಡೆಯಿತು. ವೀರಾಪುರ ಓಣಿಯ ಪ್ರಕರಣದಲ್ಲಿ ಕುಟುಂಬದವರು ಮೊದಲೇ ನೀಡಿದ್ದ ಎಚ್ಚರಿಕೆಯನ್ನು ಲಘುವಾಗಿ ಕಂಡರೆಂಬ ಆರೋಪದ ಮೇಲೆ ಪೊಲೀಸರ ಅಮಾನತೂ ಆಯಿತು. ಇಷ್ಟೆಲ್ಲದರ ನಡುವೆ ಕೇಳಬೇಕಿದ್ದ ಪ್ರಶ್ನೆಯೊಂದು ಉಳಿದುಹೋಯಿತು. ಓದುವ ಹೆಣ್ಣುಮಗಳೊಬ್ಬಳು ‘ಒಲ್ಲೆ’ ಎಂದ ಮೇಲೂ ಒಬ್ಬಾತ ಬೆನ್ನು ಬಿಡದಿದ್ದರೆ, ಅದು ಚಾಕುವಿನವರೆಗೆ ಹೋಗುವ ಮೊದಲು, ಆಕೆ ಯಾರ ಬಳಿ ಹೇಳಿಕೊಳ್ಳಬೇಕು?

ಇವು ಕೊಲೆಯ ಪ್ರಕರಣಗಳು, ಕಾಲೇಜುಗಳ ಲೈಂಗಿಕ ದೌರ್ಜನ್ಯ ತಡೆ ನೀತಿಗೂ ಇವಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಬೇರು ಒಂದೇ ಎಂಬುದು ಇದಕ್ಕೆ ಉತ್ತರ. ಹೆಣ್ಣಿನ ಸಮ್ಮತಿ ಎಂಬುದು ಪಡೆದುಕೊಳ್ಳಬೇಕಾದದ್ದಲ್ಲ, ಪಟ್ಟು ಹಿಡಿದು ಗೆಲ್ಲಬೇಕಾದದ್ದು ಎಂಬ ನಂಬಿಕೆಯೇ ಆ ಬೇರು. ನಮ್ಮ ಸೀಮೆಯ ಪಂಕ್ತಿಯೂಟದಲ್ಲಿ ‘ಒಲ್ಲೆ, ಒಲ್ಲೆ’ ಎಂದವರ ಎಲೆಗೂ ಮತ್ತೊಂದು ಹೋಳಿಗೆ ಬೀಳುತ್ತದೆ. ಅದು ಉಪಚಾರ. ಅದೇ ಒತ್ತಾಯವನ್ನು ಹೆಣ್ಣಿನ ಬದುಕಿಗೂ ದೇಹಕ್ಕೂ ಅನ್ವಯಿಸಿದಾಗ ಅದು ಅಪರಾಧವಾಗುತ್ತದೆ. ಬೇಡವೆಂದವಳ ಬೆನ್ನು ಹತ್ತಿ ಕೊನೆಗೆ ಒಲಿಸಿಕೊಳ್ಳುವ ನಾಯಕನನ್ನು ದಶಕಗಳಿಂದ ತೆರೆಯ ಮೇಲೆ ಕಂಡು ಚಪ್ಪಾಳೆ ತಟ್ಟಿದ ಸಮಾಜಕ್ಕೆ ಈ ವ್ಯತ್ಯಾಸವನ್ನು ಯಾರಾದರೂ ಬಿಡಿಸಿ ಹೇಳಬೇಕಾಗಿದೆ.

ಕಾನೂನು ಅದನ್ನು ಹೇಳಿ ವರ್ಷಗಳೇ ಆದವು. 2013ರ ತಿದ್ದುಪಡಿಯ ಮೂಲಕ ದಂಡ ಸಂಹಿತೆಗೆ ಸೇರಿ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿರುವ ಅಪರಾಧವೊಂದಿದೆ. ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಪದೇಪದೇ ಹಿಂಬಾಲಿಸುವುದು, ಸಂಪರ್ಕಕ್ಕೆ ಯತ್ನಿಸುವುದು ಮೊದಲ ಸಲಕ್ಕೆ 3 ವರ್ಷಗಳವರೆಗೆ, ಮತ್ತೆ ಮಾಡಿದರೆ 5 ವರ್ಷಗಳವರೆಗೆ ಶಿಕ್ಷೆಗೆ ಗುರಿ. ಸಮ್ಮತಿಯೆಂದರೆ ಸಂದಿಗ್ಧಕ್ಕೆ ಎಡೆಯಿಲ್ಲದ, ಸ್ವಇಚ್ಛೆಯ ಒಪ್ಪಿಗೆ ಎಂದು 63ನೇ ಕಲಂ ಹೇಳುತ್ತದೆ. ಮೈಬಲದಿಂದ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಒಪ್ಪಿದ್ದಳೆಂದು ಭಾವಿಸಕೂಡದೆಂದೂ ಅದರಲ್ಲಿದೆ. ಪದವಿ ಪಡೆದು ಹೊರಬೀಳುವ ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತು?

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದಕ್ಕಿಂತ ಹೆಚ್ಚಿನ ಹೊಣೆಯಿದೆ. ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ನೀಡಿದ ಮಾರ್ಗಸೂಚಿ 2013ರಲ್ಲಿ ಕಾಯ್ದೆಯಾಯಿತು. ಅದನ್ನು ಅನುಸರಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗ ರೂಪಿಸಿದ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು; ಹಿರಿಯ ಅಧ್ಯಾಪಕಿಯೊಬ್ಬರು ಅದರ ಅಧ್ಯಕ್ಷೆಯಾಗಿರಬೇಕು; ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು; ಹೊರಗಿನ ಸದಸ್ಯರೊಬ್ಬರು ಇರಬೇಕು; ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಿಗೆ ಅದರಲ್ಲಿ ಸ್ಥಾನವಿಲ್ಲ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕ್ಷೇತ್ರಕಾರ್ಯ, ಪ್ರವಾಸ, ಇಂಟರ್ನ್‌ಶಿಪ್, ಕಾಲೇಜು ಒದಗಿಸಿದ ವಾಹನ ಎಲ್ಲವೂ ‘ಕ್ಯಾಂಪಸ್’ ಎಂಬುದರ ವ್ಯಾಪ್ತಿಗೆ ಬರುತ್ತವೆ. ಸಂಸ್ಥೆಯ ನೌಕರನೂ ವಿದ್ಯಾರ್ಥಿಯೂ ಅಲ್ಲದ ಹೊರಗಿನವನು ಆವರಣಕ್ಕೆ ಬಂದು ಕಿರುಕುಳ ಕೊಟ್ಟರೆ ಅದನ್ನೂ ನಿಯಮಾವಳಿ ಪ್ರತ್ಯೇಕವಾಗಿ ಗುರುತಿಸಿದೆ.

ಸಮಿತಿ ಚುರುಕಾಗಿದ್ದ ಮಾತ್ರಕ್ಕೆ ಪ್ರತಿ ಜೀವವೂ ಉಳಿದೀತೆಂದು ಯಾರೂ ಭರವಸೆ ಕೊಡಲಾರರು. ಕೊಲ್ಲಲು ಹೊರಟವನಿಗೆ ಸಮಿತಿಯ ಭಯವಿರುವುದಿಲ್ಲ. ಆದರೆ ಕಿರುಕುಳ ಸಾಮಾನ್ಯವಾಗಿ ಒಂದೇ ದಿನದಲ್ಲಿ ಆ ಮಟ್ಟ ಮುಟ್ಟುವುದಿಲ್ಲ. ಹಿಂಬಾಲಿಸುವುದು, ಸಂದೇಶಗಳ ಸುರಿಮಳೆ, ಗೆಳತಿಯರ ಮೂಲಕ ಒತ್ತಡ, ಫೋಟೊ ಹರಿಬಿಡುವ ಬೆದರಿಕೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲಿನಲ್ಲೇ ಅದನ್ನು ತಡೆಯಲು ಕಾಲೇಜಿಗಿರುವ ಸಾಧನ ಈ ಸಮಿತಿ. ಆತನನ್ನು ಆಕೆಯಿಂದ ದೂರವಿರಿಸುವ ಮಧ್ಯಂತರ ಕ್ರಮ ಶಿಫಾರಸು ಮಾಡುವ, ಪೊಲೀಸರ ಬಳಿ ಹೋಗುವುದಾದರೆ ನೆರವಾಗುವ ಹೊಣೆ ಅದರದು.

ಹೀಗಿದ್ದೂ ದೂರುಗಳು ಬರುವುದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಧಾರವಾಡ ವಿದ್ಯಾಕಾಶಿ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳಿಗೆ ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡದ ಊರುಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಕ್ಕಳು ಅವರಲ್ಲಿ ಅನೇಕರು. ‘ಮನೆಗೆ ಗೊತ್ತಾದರೆ ಓದು ನಿಲ್ಲಿಸಿ ಮದುವೆ ಮಾಡುತ್ತಾರೆ’ ಎಂಬ ಅಂಜಿಕೆ ಅವರಿಗೆ ಕಿರುಕುಳ ಕೊಡುವವನ ಅಂಜಿಕೆಗಿಂತ ದೊಡ್ಡದು. ದೂರು ಕೊಟ್ಟ ಸಂಜೆಯೇ ಪ್ರಾಚಾರ್ಯರು ಅಪ್ಪನಿಗೆ ಫೋನ್ ಮಾಡುವಂತಿದ್ದರೆ ಯಾವ ಹುಡುಗಿ ಬಾಯಿ ಬಿಟ್ಟಾಳು? ದೂರುದಾರಳ ಗುರುತನ್ನು ಬಹಿರಂಗಪಡಿಸಕೂಡದೆಂದು ಕಾಯ್ದೆ ಹೇಳುತ್ತದೆ. ಹದಿನೆಂಟು ತುಂಬಿದ ವಿದ್ಯಾರ್ಥಿನಿಯ ಇಚ್ಛೆಗೆ ವಿರುದ್ಧವಾಗಿ ಮನೆಗೆ ಸುದ್ದಿ ಮುಟ್ಟಿಸುವುದು ಕಾಳಜಿಯಲ್ಲ. ಆಕೆಯ ಬಾಯಿಗೆ ಹಾಕುವ ಬೀಗ.

ಇಂಥ ಘಟನೆಗಳ ಬೆನ್ನಿಗೇ ಕೇಳಿಬರುವ ಬೇಡಿಕೆಗಳು ಎಲ್ಲರಿಗೂ ಪರಿಚಿತ: ಹೆಚ್ಚು ಕ್ಯಾಮೆರಾ, ಬಿಗಿ ಗೇಟು, ಹಾಸ್ಟೆಲಿಗೆ ಬೇಗ ಬೀಗ. ಗೇಟಿನಲ್ಲಿ ಗುರುತಿನ ಚೀಟಿ ನೋಡುವುದು ಸರಿಯೇ. ಆದರೆ ಹುಡುಗಿಯರನ್ನು ಸಂಜೆ ಆರಕ್ಕೆ ಒಳಗೆ ಕೂಡಿ, ಹುಡುಗರಿಗೆ ಗ್ರಂಥಾಲಯ ತೆರೆದಿಡುವುದು ಸುರಕ್ಷತೆಯಲ್ಲ. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ತಾರತಮ್ಯದ ನಿಯಮ ಹೇರಬಾರದು, ಅವರ ಓಡಾಟದ ಸ್ವಾತಂತ್ರ್ಯ ಮೊಟಕುಗೊಳಿಸಬಾರದು ಎಂದು ಆಯೋಗದ ಅದೇ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ಬೇಡವೆಂದದ್ದು ಆಕೆ, ಬೆನ್ನು ಹತ್ತಿದ್ದು ಆತ. ಬಾಗಿಲು ಹಾಕುವುದು ಮಾತ್ರ ಆಕೆಗೆ!

ಸುಳ್ಳು ದೂರುಗಳ ಆತಂಕವನ್ನೂ ತಳ್ಳಿಹಾಕಬೇಕಾಗಿಲ್ಲ. ಅದಕ್ಕೆ ಮದ್ದು ಸಮಿತಿಯನ್ನು ಮೂಲೆಗೆ ಸರಿಸುವುದಲ್ಲ, ಅದಕ್ಕೆ ತರಬೇತಿ ಕೊಡುವುದು. ನೆರೆಯ ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ವಜಾ ಆದೇಶವನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬದಿಗೊತ್ತಿದ್ದು, ಸಮಿತಿ ಅವಸರ ಮಾಡಿ ಅವರಿಗೆ ಸಮರ್ಥಿಸಿಕೊಳ್ಳಲು ಸಾಕಷ್ಟು ಅವಕಾಶ ಕೊಡಲಿಲ್ಲವೆಂಬ ಕಾರಣಕ್ಕೆ. ವಿಚಾರಣೆ ನಡೆಸಲು ಬಾರದ ಸಮಿತಿ ದೂರುದಾರಳಿಗೂ ಅನ್ಯಾಯ ಮಾಡುತ್ತದೆ, ಆರೋಪಿಗೂ ಅನ್ಯಾಯ ಮಾಡುತ್ತದೆ. ಇನ್ನು ಒಡಿಶಾದ ಬಾಲಸೋರ್‌ನಲ್ಲಿ 2025ರ ಜುಲೈನಲ್ಲಿ, ವಿಭಾಗದ ಮುಖ್ಯಸ್ಥನ ವಿರುದ್ಧದ ದೂರಿಗೆ ನ್ಯಾಯ ಸಿಗಲಿಲ್ಲವೆಂದು ನೊಂದ ವಿದ್ಯಾರ್ಥಿನಿ ಕಾಲೇಜಿನ ಆವರಣದಲ್ಲೇ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟಳು. ಆಂತರಿಕ ಅಂಕ, ಸಂಶೋಧನಾ ಮಾರ್ಗದರ್ಶನ ಒಬ್ಬರ ಕೈಯಲ್ಲಿರುವಲ್ಲಿ ‘ಒಲ್ಲೆ’ ಎನ್ನುವುದು ಎಷ್ಟು ಕಠಿಣ ಎಂಬುದನ್ನು ಆ ಸಾವು ನೆನಪಿಸುತ್ತದೆ.

ಅವಳಿ ನಗರದ ಸಂಸ್ಥೆಗಳು ಮಾಡಬಹುದಾದ ಕೆಲಸ ದುಬಾರಿಯದೇನಲ್ಲ. ಪ್ರವೇಶದ ಮೊದಲ ವಾರದಲ್ಲೇ ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂಡಿಸಿ, ಸಮ್ಮತಿ ಎಂದರೇನು, ನಿರಾಕರಣೆ ಎಂದರೇನು ಎಂಬುದನ್ನು ಅವರ ಕನ್ನಡದಲ್ಲೇ ಹೇಳಬೇಕು. ಸಮಿತಿಯ ಸದಸ್ಯರ ಹೆಸರು, ದೂರವಾಣಿ ಸಂಖ್ಯೆ ಪ್ರಾಚಾರ್ಯರ ಕೊಠಡಿಯ ಗೋಡೆಗಿಂತ ಮೊದಲು ಮಹಿಳಾ ವಿಶ್ರಾಂತಿ ಕೊಠಡಿಯಲ್ಲಿ, ಹಾಸ್ಟೆಲಿನಲ್ಲಿ ಕಾಣಬೇಕು. ಸಣ್ಣ ಕಾಲೇಜುಗಳ ಸಮಿತಿಗಳಿಗೆ ತರಬೇತಿ ಕೊಡುವ ಹೊಣೆಯನ್ನು ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯ ಹೊರಬಹುದು. ಸಪ್ತಾಪುರದಲ್ಲಿ ಸಾವಿರಾರು ಯುವಜನರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಕೋಚಿಂಗ್ ಕೇಂದ್ರಗಳು ಆಯೋಗದ ನಿಯಮಾವಳಿಗೆ ಒಳಪಡದಿದ್ದರೂ 2013ರ ಕಾಯ್ದೆಯಿಂದ ಹೊರತಲ್ಲ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕೇಂದ್ರದ ವಿರುದ್ಧದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು. ಆ ಸಮಿತಿಯ ವಿಳಾಸ ಸಪ್ತಾಪುರದ ಪಿ.ಜಿ.ಗಳ ಗೋಡೆಗಳವರೆಗೆ ತಲುಪಬೇಕು.

ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂಬ ವರದಿಯನ್ನು ಸಂಸ್ಥೆಗಳು ವರ್ಷವರ್ಷವೂ ಆಯೋಗಕ್ಕೆ ಕಳಿಸಬೇಕು. ಅಲ್ಲಿ ‘ಸೊನ್ನೆ’ ಎಂದು ಬರೆಯಲು ಸಿಕ್ಕರೆ ಹೆಮ್ಮೆಪಡುವ ರೂಢಿ ನಮ್ಮಲ್ಲಿದೆ. ಸಾವಿರಾರು ಹೆಣ್ಣುಮಕ್ಕಳು ಓದುವ ಆವರಣದಲ್ಲಿ ವರ್ಷಗಟ್ಟಲೆ ಒಂದೂ ದೂರು ಬಾರದಿದ್ದರೆ, ಅಲ್ಲಿ ಕಿರುಕುಳವಿಲ್ಲ ಎಂಬುದಕ್ಕಿಂತ ನಂಬಿಕೆಯಿಲ್ಲ ಎಂಬ ಅನುಮಾನವೇ ಮೊದಲು ಮೂಡಬೇಕು. ತಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಪಾಲಕರು ಈ ವರ್ಷ ಪ್ರವೇಶ ಶುಲ್ಕ ಕಟ್ಟುವ ಮುನ್ನ ಒಮ್ಮೆ ಕೇಳಲಿ. ಉತ್ತರ ಹೇಳಲು ಕಚೇರಿಯವರು ತಡವರಿಸಿದರೆ, ಅಲ್ಲಿ ನಾಳೆ ತಮ್ಮ ಮಗಳ ಮಾತನ್ನು ಕೇಳುವವರೂ ಇರಲಾರರು ಎಂದು ತಿಳಿಯಬಹುದು.