ಲಂಡನ್ನಿನ ಗೆರೆ, ಕರಾವಳಿಯ ಹೊರೆ

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಬಳಿ ನಿಂತು ಪಡುವಣಕ್ಕೆ ನೋಡಿದರೆ ನಮಗೆ ಕಾಣುವುದು ನೀರು ಮಾತ್ರ. ಆದರೆ ಲಂಡನ್ನಿನ ವಿಮಾ ವ್ಯಾಪಾರಿಗಳಿಗೆ ಆ ನೀರಿನ ಮೇಲೆ ಗೆರೆಗಳು ಕಾಣುತ್ತವೆ. ಯಾವ ಕಡಲು ಅಪಾಯದ್ದು ಎಂದು ಪಟ್ಟಿ ಬರೆಯುವ ಸಮಿತಿಯೊಂದು ಅಲ್ಲಿದೆ. ವಿಮಾ ಮಾರುಕಟ್ಟೆಯ ಪ್ರತಿನಿಧಿಗಳೇ ಅದರ ಸದಸ್ಯರು. ಬಲೆ ಎಳೆದವನಿಗೂ ಖಲಾಸಿಗೂ ಅಲ್ಲಿ ಜಾಗವಿಲ್ಲ.

ಈ ವ್ಯವಹಾರವನ್ನು ಮೊದಲು ತಿಳಿದುಕೊಳ್ಳೋಣ. ಹಡಗಿನ ಸಾಮಾನ್ಯ ವಿಮೆ ಬಿರುಗಾಳಿಗೆ, ಬಂಡೆಗೆ, ಬೆಂಕಿಗೆ. ಯುದ್ಧದ ಹಾನಿ ಅದರಲ್ಲಿ ಸೇರದು. ಅದಕ್ಕೆ ಬೇರೆ ವಿಮೆ. ಪಟ್ಟಿಗೆ ಬಿದ್ದ ಕಡಲನ್ನು ದಾಟಬೇಕಾದರೆ ಮೇಲೊಂದು ಕಂತು ತೆರಬೇಕು, ಅದೂ ಸಾಮಾನ್ಯವಾಗಿ ಏಳು ದಿನಗಳ ಮಟ್ಟಿಗೆ. 2023ರ ನವೆಂಬರಿನಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ಹೂತಿಗಳ ದಾಳಿ ಆರಂಭವಾಯಿತು. 2024ರ ಮೊದಲ ತಿಂಗಳುಗಳಲ್ಲಿ ಈ ಕಂತು ಹಡಗಿನ ಬೆಲೆಯ ಶೇಕಡಾ 0.7ರಿಂದ 1ರವರೆಗೆ ಏರಿತು. ಹಡಗಿನ ಬೆಲೆ 400 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ ಒಂದರಂತೆ ಒಂದೇ ಪಯಣಕ್ಕೆ 4 ಕೋಟಿ!

ಈ ಹಣವನ್ನು ಹಡಗಿನ ಮಾಲಿಕ ತನ್ನ ಗಂಟಿನಿಂದ ಕೊಡುತ್ತಾನೆಯೇ? ಇಲ್ಲ. ಅವನು ಅದನ್ನು ಬಾಡಿಗೆಗೆ ಸೇರಿಸುತ್ತಾನೆ. ಆಮದುದಾರ ಸರಕಿನ ಬೆಲೆಗೆ ಸೇರಿಸುತ್ತಾನೆ. ಸಗಟು ವ್ಯಾಪಾರಿ ಅದರ ಮೇಲೆ ತನ್ನ ಲಾಭವಿಟ್ಟು ಕೆಳಗೆ ದಾಟಿಸುತ್ತಾನೆ. ಕಪ್ಪು ಸಮುದ್ರದ ದೇಶಗಳ ಸೂರ್ಯಕಾಂತಿ ಎಣ್ಣೆ ನಮಗೆ ಬರುವ ಹತ್ತಿರದ ದಾರಿ ಇದೇ ಕೆಂಪು ಸಮುದ್ರ. ಕುಮಟೆಯ ಸಣ್ಣ ಅಂಗಡಿಕಾರ ದರ ಹೇಳಿ ಗಿರಾಕಿಯಿಂದ ಬೈಸಿಕೊಳ್ಳುತ್ತಾನೆ. ಗಿರಣಿಯ ಕೂಲಿಕಾರ ಹಳೆಯ ಕೂಲಿಯಲ್ಲೇ ಎಣ್ಣೆ ಕೊಳ್ಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಶಂಕಿಸುತ್ತಾರೆ. ಕಂತು ಎಣಿಸಿಕೊಂಡವನ ಹೆಸರು ಇಬ್ಬರಿಗೂ ಗೊತ್ತಿಲ್ಲ.

ಇದು ದೂರದ ಮಾತು ಎನ್ನಬೇಡಿ. 2023ರ ಡಿಸೆಂಬರ್ 23ರಂದು ಡ್ರೋನ್ ದಾಳಿಗೆ ಗುರಿಯಾದ ಕೆಮ್ ಪ್ಲೂಟೋ ಎಂಬ ತೈಲದ ಹಡಗು ಹೊರಟಿದ್ದು ನಮ್ಮ ನವಮಂಗಳೂರು ಬಂದರಿಗೆ. ಅದರಲ್ಲಿದ್ದ ನಾವಿಕರಲ್ಲಿ ಬಹುಪಾಲು ಭಾರತೀಯರು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

ಇನ್ನು ಹಳೆಯ ಗೆರೆಯ ಕಥೆ ಕೇಳಿ. ಸೋಮಾಲಿಯಾದ ಕಡಲ್ಗಳ್ಳರ ಹಾವಳಿಯ ಕಾಲದಲ್ಲಿ, 2010ರ ಕೊನೆಗೆ, ಅಪಾಯದ ವಲಯವನ್ನು ಪೂರ್ವಕ್ಕೆ 78ನೆಯ ರೇಖಾಂಶದವರೆಗೆ ಎಳೆದರು. ಹೊನ್ನಾವರ ಇರುವುದು 74ರ ಆಸುಪಾಸಿನಲ್ಲಿ. ಅಂದರೆ ಭಟ್ಕಳ, ಹೊನ್ನಾವರ, ಕುಮಟೆಯ ದೋಣಿಗಳು ಮೀನು ಹಿಡಿಯುವ ಕಡಲು ಕಡಲ್ಗಳ್ಳರ ಕಡಲಿನ ಲೆಕ್ಕಕ್ಕೆ ಸೇರಿತು! ಅಪಾಯವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. 2011ರಲ್ಲಿ ನಮ್ಮ ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ಕಡಲ್ಗಳ್ಳರನ್ನು ಹಿಡಿದದ್ದು ನಿಜ. ಆದರೆ 2012ರ ಮಧ್ಯದಿಂದ 2017ರ ಮಾರ್ಚಿನವರೆಗೆ ಸೋಮಾಲಿ ಕಡಲ್ಗಳ್ಳರು ದೊಡ್ಡ ವ್ಯಾಪಾರಿ ಹಡಗೊಂದನ್ನೂ ಅಪಹರಿಸಲಾಗಲಿಲ್ಲ. ಗೆರೆ ಮಾತ್ರ 2015ರ ಡಿಸೆಂಬರಿನವರೆಗೆ ಹಿಂದೆ ಸರಿಯಲಿಲ್ಲ. ಭಾರತ ಸರಕಾರ ಮತ್ತೆ ಮತ್ತೆ ಆಕ್ಷೇಪಿಸಬೇಕಾಯಿತು. ಗೆರೆ ಎಳೆಯುವಾಗಿನ ಅವಸರ ಅಳಿಸುವಾಗ ಏಕಿರಲಿಲ್ಲ?

ಆ ಗೆರೆಗೆ ರಕ್ತದ ಬೆಲೆಯೂ ಇದೆ. ಅಪಾಯದ ವಲಯವೆಂದ ಮೇಲೆ ಹಡಗುಗಳು ಬಂದೂಕಿನ ಕಾವಲು ಇಟ್ಟುಕೊಂಡವು. 2012ರ ಫೆಬ್ರವರಿ 15ರಂದು ಕೇರಳದ ಕಡಲಿನಲ್ಲಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಹಡಗಿನ ಸೈನಿಕರು ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದರು. ಕಡಲ್ಗಳ್ಳರೆಂದು ಭಾವಿಸಿದೆವು ಎಂಬುದೇ ಅವರ ಸಮಜಾಯಿಷಿ. 2021ರಲ್ಲಿ 10 ಕೋಟಿ ರೂಪಾಯಿ ಪರಿಹಾರದೊಂದಿಗೆ ನಮ್ಮ ದೇಶದಲ್ಲಿ ಮೊಕದ್ದಮೆ ಮುಗಿಯಿತು. ಅಂದು ನಮ್ಮೂರಿನ ದೋಣಿ ಅಲ್ಲಿದ್ದಿದ್ದರೆ ಅವರ ದುರ್ಬೀನಿಗೆ ಬೇರೆಯಾಗಿ ಕಾಣುತ್ತಿತ್ತೇ?

ಯಾರನ್ನು ಕಳ್ಳನೆನ್ನಬೇಕೆಂಬುದನ್ನು ಬಲಿಷ್ಠರೇ ನಿಶ್ಚಯಿಸುವುದು ಹೊನ್ನಾವರಕ್ಕೆ ಹೊಸದಲ್ಲ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಇಲ್ಲಿ ಹಡಗುಗಳನ್ನು ಸುಟ್ಟ. ಇಲ್ಲಿನ ನೌಕಾನಾಯಕ ತಿಮ್ಮೋಜನನ್ನು ಅವರು ಕಡಲ್ಗಳ್ಳನೆಂದು ಬರೆದರು. 1510ರಲ್ಲಿ ಗೋವೆಯನ್ನು ಗೆಲ್ಲಲು ಅದೇ ತಿಮ್ಮೋಜನ ನೆರವು ಬೇಕಾದಾಗ ಅವನು ಮಿತ್ರನಾದ! ಅವರು ಕೊಡುತ್ತಿದ್ದ ಕಾರ್ತಾಜ್ ಎಂಬ ರಹದಾರಿ ಇಲ್ಲದ ಹಡಗನ್ನು ಅವರೇ ದೋಚುತ್ತಿದ್ದರು. ಇಂದಿನ ವಿಮೆಯವನು ತಾನೇ ದೋಚಲು ಬರುವುದಿಲ್ಲ, ಒಪ್ಪೋಣ. ಆದರೆ ಭಯಕ್ಕೆ ಬೆಲೆ ಕಟ್ಟುವ ಅಧಿಕಾರ ಅಂದಿನಂತೆ ಇಂದಿಗೂ ಹೊರಗಿನವರ ಕೈಯಲ್ಲಿದೆ.

ಹಾಗಾದರೆ ವಿಮೆಯೇ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಅಪಾಯವನ್ನು ಎಲ್ಲರೂ ಹಂಚಿಕೊಳ್ಳುವುದು ಸಮಾಜವಾದಿಗಳಿಗೆ ಒಪ್ಪಿಗೆಯಾದ ತತ್ತ್ವವೇ. ಆದರೆ ಹಂಚಿಕೊಳ್ಳುವುದು ಬೇರೆ, ಅದರಿಂದ ಹಣ ಹಿಂಡುವುದು ಬೇರೆ. ಬಂಡವಾಳಶಾಹಿಯ ತವರಾದ ಬ್ರಿಟನ್ನಿನಲ್ಲಿಯೇ 1914ರ ಯುದ್ಧಕಾಲದಲ್ಲಿ ಸರಕಾರ ಹಡಗುಗಳ ಯುದ್ಧವಿಮೆಯ ಹೊರೆಗೆ ಹೆಗಲು ಕೊಟ್ಟಿತು. ನಮ್ಮ ದೇಶದಲ್ಲಿ 1962ರಲ್ಲಿ ಸರಕುಗಳ ತುರ್ತು ಅಪಾಯ ವಿಮೆಗೆ ಕಾಯಿದೆಯಾಯಿತು. 1972ರಲ್ಲಿ ಸಾಮಾನ್ಯ ವಿಮೆಯೇ ರಾಷ್ಟ್ರೀಕರಣವಾಯಿತು. ಹೀಗೆ ಜನರ ಸ್ವತ್ತಾದ ಕ್ಷೇತ್ರದ ಬಾಗಿಲನ್ನು ಮತ್ತೆ ತೆರೆದು, 2021ರಲ್ಲಿ ಶೇಕಡಾ 74ರಷ್ಟು ವಿದೇಶೀ ಬಂಡವಾಳಕ್ಕೆ ಎಡೆ ಮಾಡಿಕೊಟ್ಟವರು ಯಾರ ಹಿತ ಕಾಯುತ್ತಿದ್ದಾರೆ?

ನಮ್ಮ ಬೇಡಿಕೆ ಮೂರು. ನಮ್ಮ ಬಂದರುಗಳಿಗೆ ಬರುವ ಹಡಗು ಮತ್ತು ಸರಕಿನ ಯುದ್ಧವಿಮೆಗೆ ಸರಕಾರಿ ವಿಮಾ ಸಂಸ್ಥೆಗಳ ನಿಧಿಯೊಂದು ಬೇಕು. ಅದರ ದರ ಬಹಿರಂಗವಾಗಿರಬೇಕು. ಅಪಾಯದ ಕಡಲಿಗೆ ಹೋಗುವ ಪ್ರತಿಯೊಬ್ಬ ಖಲಾಸಿಗೂ ಇಮ್ಮಡಿ ಕೂಲಿ, ಜೀವವಿಮೆ, ಮತ್ತು ಹೋಗೆನೆಂದು ಹೇಳುವ ಹಕ್ಕು ಬೇಕು. ದೊಡ್ಡ ಸಂಘಗಳ ಒಪ್ಪಂದವಿರುವ ಹಡಗುಗಳಲ್ಲಿ ಇದು ಈಗಾಗಲೇ ಉಂಟು. ಮಚವೆಯಲ್ಲಿ ದುಡಿಯುವವನು ಏನು ಪಾಪ ಮಾಡಿದ? ಮೂರನೆಯದಾಗಿ, ನಮ್ಮ ಕಡಲಿನ ಮೇಲೆ ಇನ್ನೊಮ್ಮೆ ಗೆರೆ ಬೀಳುವ ಮೊದಲು ಸರಕಾರ ಮೀನುಗಾರರ ಸಂಘಗಳನ್ನು ಕೇಳಿ, ಅವರ ಮಾತನ್ನು ಲಂಡನ್ನಿಗೆ ಮುಟ್ಟಿಸಬೇಕು.

ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ಎಣ್ಣೆಯ ಬೆಲೆ ಏರಿದಾಗ ಗಲ್ಲೆಯ ಆಚೆ ಈಚೆ ನಿಂತು ಜಗಳವಾಡಬೇಡಿ. ಇಬ್ಬರೂ ಕೂಡಿ ಒಂದೇ ಪ್ರಶ್ನೆ ಕೇಳಿ: ಈ ಬೆಲೆ ಕಟ್ಟಿದವರು ಯಾರು?