ಸುಣ್ಣ ಕೇಳಬೇಕಿತ್ತು, ಸಿಮೆಂಟು ಕೊಟ್ಟೆವು

ನಮ್ಮ ಕಡೆ ಯಾರಾದರೂ ಹೊಸ ಮನೆ ಕಟ್ಟಿಸಿದರೆ, ಗೃಹಪ್ರವೇಶದ ಊಟ ಮುಗಿದ ಮೇಲೆ ಹೆಂಗಸರನ್ನೆಲ್ಲ ಮನೆ ತೋರಿಸಲು ಕರೆದುಕೊಂಡು ಹೋಗುವುದು ವಾಡಿಕೆ. ಅಡಿಗೆಮನೆಯ ಕಟ್ಟೆ, ದೇವರ ಕೋಣೆ, ಅಟ್ಯಾಚ್ಡ್ ಬಾತ್‌ರೂಮು ಎಲ್ಲ ನೋಡಿದ್ದಾದ ಮೇಲೆ ಮನೆಯೊಡತಿ ಗೋಡೆಯನ್ನೊಮ್ಮೆ ಬೆರಳಿನ ಗೆಣ್ಣಿನಿಂದ ತಟ್ಟಿ, “ಪೂರ್ತಿ ಸಿಮೆಂಟು ಕಣ್ರೀ, ಒಂದು ಚೂರೂ ಮಣ್ಣಿಲ್ಲ” ಎನ್ನುತ್ತಾಳೆ. ನಾವೂ ತಲೆದೂಗುತ್ತೇವೆ. ಮಣ್ಣು ಎಂದರೆ ಬಡತನ, ಸುಣ್ಣ ಎಂದರೆ ಅಜ್ಜನ ಕಾಲದ್ದು, ಸಿಮೆಂಟು ಎಂದರೆ ಗಟ್ಟಿ. ಈ ನಂಬಿಕೆ ನಮ್ಮ ತಲೆಯಲ್ಲಿ ಕೂತಷ್ಟು ಗಟ್ಟಿಯಾಗಿ ಸಿಮೆಂಟೂ ಗೋಡೆಯ ಮೇಲೆ ಕೂರುವುದಿಲ್ಲ. ನಾನೂ ಹಾಗೆ ತಲೆದೂಗಿದವಳೇ. ಅಷ್ಟೇ ಅಲ್ಲ, ಒಂದು ಕಾಗದಕ್ಕೆ ಸಹಿಯನ್ನೂ ಹಾಕಿದವಳು. ಆ ಸಹಿಯ ಕತೆ ಹೇಳದೆ ಬೇರೆಯವರಿಗೆ ಬುದ್ಧಿ ಹೇಳಹೊರಟರೆ ತಪ್ಪಾದೀತು.

ನಾನು ಆಗ ಕೆಲಸಕ್ಕಿದ್ದ ಶಾಲೆಯ ಹಳೆಯ ಕಟ್ಟಡಕ್ಕೆ ನೂರು ವರ್ಷ ಹತ್ತಿರವಾಗಿತ್ತು. ಮೊಳದಗಲದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಮಲೆನಾಡಿನ ಮಳೆಯನ್ನು ಅಷ್ಟು ಕಾಲ ತಡೆದುಕೊಂಡಿತ್ತು. ವರ್ಷಕ್ಕೊಮ್ಮೆ ಒಡೆದ ಹೆಂಚು ಬದಲಿಸುತ್ತಿದ್ದರು, ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು, ಅಷ್ಟೇ. ಒಂದು ಬೇಸಿಗೆ ರಜೆಯಲ್ಲಿ ದುರಸ್ತಿಗೆಂದು ಹಣ ಬಂತು. ಹಳೆಯ ಗಿಲಾವು ಕೆರೆದು ತೆಗೆದು, ಸಿಮೆಂಟಿನ ಗಿಲಾವು ಮಾಡಿ, ಅದರ ಮೇಲೆ ಮಿರಮಿರ ಮಿಂಚುವ ಬಣ್ಣ ಹೊಡೆದರು. ಜೂನ್ ತಿಂಗಳಲ್ಲಿ ಮಕ್ಕಳು ಬಂದು ಗೋಡೆ ಮುಟ್ಟಿ ಮುಟ್ಟಿ ನೋಡಿದವು. ನಾನೂ ಮುಟ್ಟಿ ನೋಡಿದೆ.

ಮೂರನೆಯ ಮಳೆಗಾಲಕ್ಕೆ ಗೋಡೆಯ ಬುಡ ಉಬ್ಬಿತು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಅದರ ಹಿಂದೆ ಹತ್ತಿಯಂತೆ ಬಿಳಿ ಉಪ್ಪು. ಬೆರಳಿಟ್ಟರೆ ಇಟ್ಟಿಗೆ ಪುಡಿಪುಡಿ. ಅಧಿಕಾರಿಗಳು ಬಂದು ನೋಡಿ “ಶಿಥಿಲ” ಎಂದು ಬರೆದರು. ಮುಖ್ಯೋಪಾಧ್ಯಾಯರ ಹುದ್ದೆಯ ಪ್ರಭಾರ ನನ್ನ ಮೇಲಿತ್ತು. ಕೆಡವಲು ಶಾಲೆಯ ಆಕ್ಷೇಪವಿಲ್ಲ ಎಂಬ ಕಾಗದಕ್ಕೆ ನಾನೇ ಸಹಿ ಮಾಡಿದೆ. ಒಂದೇ ದಿನದ ಕೆಲಸ ಎಂದು ಜೆಸಿಬಿ ತಂದರು. ಮೂರು ದಿನ ಹಿಡಿಯಿತು. ಬುಡದಲ್ಲಿ ಪುಡಿಯಾಗಿದ್ದ ಗೋಡೆ, ಸಿಮೆಂಟು ಮುಟ್ಟದ ಮೇಲ್ಭಾಗದಲ್ಲಿ ಬಂಡೆಯಂತಿತ್ತು. ಇಟ್ಟಿಗೆಯಿಂದ ಗಾರೆ ಬಿಡಲೊಲ್ಲದೆ ಮೂರು ನಾಲ್ಕು ಇಟ್ಟಿಗೆ ಒಂದೇ ಮುದ್ದೆಯಾಗಿ ಉರುಳಿದ್ದನ್ನು ನಾನು ಜಗಲಿಯ ಮೇಲೆ ನಿಂತು ನೋಡಿದೆ. “ಶಿಥಿಲ” ಎಂದು ಬರೆದದ್ದು ಇದನ್ನೇ!

ಆಮೇಲೆ ನನಗೆ ಓದುವ ಹುಚ್ಚು ಹಿಡಿಯಿತು. ನಾನು ಎಂಜಿನಿಯರಳಲ್ಲ, ಬಿ.ಎ., ಬಿ.ಎಡ್. ಮಾಡಿದವಳು. ಆದರೆ ಈ ವಿಷಯ ಏಳನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದ್ದು. ಸುಣ್ಣದ ಕಲ್ಲನ್ನೋ ಕಡಲ ಚಿಪ್ಪನ್ನೋ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದೇ ಸುಣ್ಣ ಗಾಳಿಯಿಂದ ಅದೇ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ವರ್ಷಗಳು ಕಳೆದಂತೆ ಗಟ್ಟಿಯಾಗುವ ಗಾರೆ ಅದು. ಸಣ್ಣ ಬಿರುಕು ಬಿಟ್ಟರೆ, ಮಳೆ ನೀರಿನಲ್ಲಿ ಸ್ವಲ್ಪ ಸುಣ್ಣ ಕರಗಿ ಬಿರುಕಿನಲ್ಲಿಯೇ ಮತ್ತೆ ಕಟ್ಟಿಕೊಳ್ಳುವುದೂ ಉಂಟು.

ಹಳೆಯ ಗೋಡೆಗಳು ನೆಲದಿಂದ ತೇವ ಎಳೆದುಕೊಳ್ಳುತ್ತವೆ. ಸುಣ್ಣದ ಗಿಲಾವು ಆ ತೇವವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಹೊದಿಸಿದರೆ ನೀರು ಹೋಗಲು ದಾರಿಯಿಲ್ಲ. ಇಟ್ಟಿಗೆಯೊಳಗೇ ನಿಂತು, ಉಪ್ಪು ಹರಳುಗಟ್ಟಿ, ಇಟ್ಟಿಗೆಯನ್ನೇ ಒಡೆಯುತ್ತದೆ. ಸೆಖೆಯಲ್ಲಿ ಮಗುವಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ ಮೈಮೇಲೆ ಬೊಬ್ಬೆ ಎದ್ದರೆ ಮಗುವಿನ ಚರ್ಮವೇ ಸರಿಯಿಲ್ಲ ಎಂದ ಹಾಗಾಯಿತು. ನಮ್ಮ ಶಾಲೆಯನ್ನು ಕೊಂದದ್ದು ವಯಸ್ಸಲ್ಲ, ಚಿಕಿತ್ಸೆ.

ಸುಣ್ಣ ದುರ್ಬಲ ಎನ್ನುವವರು ವಿಜಾಪುರಕ್ಕೆ ಹೋಗಿ ಗೋಲಗುಮ್ಮಟದ ಕೆಳಗೆ ನಿಂತು ಆ ಮಾತು ಹೇಳಲಿ, ಗುಮ್ಮಟವೇ ಹಲವು ಸಲ ತಿರುಗಿ ಉತ್ತರ ಕೊಡುತ್ತದೆ. 1656ರಲ್ಲಿ ಮುಗಿದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ್ದು. ಅಷ್ಟು ಹಿಂದೆ ಹೋಗುವುದು ಬೇಡವೆಂದರೆ ಕನ್ನಂಬಾಡಿಯೇ ಇದೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣ. ಬೆಂಗಳೂರು ಇಂದಿಗೂ ಆ ಗಾರೆ ತಡೆದು ನಿಲ್ಲಿಸಿದ ಕಾವೇರಿಯ ನೀರು ಕುಡಿಯುತ್ತಿದೆ.

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಅದು ಸಣ್ಣ ಮಾತಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. ಪರಂಪರೆಗಿಂತ ಜೀವ ದೊಡ್ಡದಲ್ಲವೇ ಎಂದು ಕೇಳುತ್ತಾರೆ. ಖಂಡಿತ ದೊಡ್ಡದು. ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಪ್ರಶ್ನೆ ಕಟ್ಟಡ ಬಿದ್ದ ಮರುದಿನವೇ ಏಕೆ ಹುಟ್ಟುತ್ತದೆ? ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಟ್ಟಾಗ, ಹರಿನಾಳಿಗೆ ಕಟ್ಟಿ ಚಾವಣಿಯಲ್ಲಿ ನೀರು ನಿಂತಾಗ ಯಾರೂ ಕೇಳುವುದಿಲ್ಲ. ವರ್ಷಗಟ್ಟಲೆ ಊಟ ಹಾಕದೆ ಆಮೇಲೆ ಮುದುಕಿಗೆ ಶಕ್ತಿಯಿಲ್ಲ ಎನ್ನುವ ಮನೆಗಳನ್ನು ನಾವು ಕಂಡಿದ್ದೇವೆ. ಊರಿನ ಹಳೆಯ ಕಟ್ಟಡಗಳಿಗೂ ನಾವು ಮಾಡುವುದು ಅದನ್ನೇ.

ಇನ್ನೊಂದು ಎದುರು ಮಾತು ನನಗೆ ಬಂದದ್ದು ಒಬ್ಬ ಅಜ್ಜಿಯಿಂದ. ಹರೆಯದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದವರು. ಎತ್ತು ಗಾಣ ಸುತ್ತಿ ಸುಣ್ಣ ಮರಳು ಅರೆಯುವುದು, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದು, ತಾರಸಿಯ ಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುವುದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. “ಸುಣ್ಣಕ್ಕೆ ಅವಸರ ಆಗಂಗಿಲ್ಲ ಅಕ್ಕೋರೆ. ಸರಿಯಾಗಿ ಅರಳದ ಸುಣ್ಣ ಬಳಿದ್ರೆ ಆಮೇಲೆ ಗೋಡೆ ಮೇಲೆ ಬೊಕ್ಕೆ ಏಳ್ತಾವೆ” ಎಂದರು. ನಾನು ಹಿಗ್ಗಿ ಹೋಗಿ, “ಎಂಥಾ ವಿದ್ಯೆ ಅಜ್ಜಿ ನಿಮ್ದು!” ಎಂದೆ. ಅವರು ಎರಡೂ ಅಂಗೈ ಬಿಡಿಸಿ ತೋರಿಸಿದರು. ಸುಣ್ಣ ತಿಂದ ಕಲೆಗಳು ಇನ್ನೂ ಇದ್ದವು. “ವಿದ್ಯೆ ಅಂತ ಆಗ ಯಾರೂ ಅನ್ಲಿಲ್ಲ. ಗಂಡಾಳಿನ ಅರ್ಧ ಕೂಲಿ ಕೊಟ್ರು. ಈಗ ನನ್ನ ಮಗ ಸಿಮೆಂಟಿನ ಮನೆ ಕಟ್ಸಿದಾನೆ. ಸಗಣಿ ಸಾರ್ಸೋದು ತಪ್ತು. ನಂಗೆ ಆರಾಮಾಗದೆ.”

ನಾನು ಸುಮ್ಮನಾದೆ. ಹಳೆಯ ಮನೆಯನ್ನು ಹೊಗಳಿ ಬರೆಯುವವರಲ್ಲಿ ಎಷ್ಟು ಜನ ಮಣ್ಣಿನ ನೆಲ ಸಾರಿಸಿದ್ದಾರೆ? ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ರಾತ್ರಿ ಕಳೆದಿದ್ದಾರೆ? ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳು ಎಂದು ನಾನು ಯಾವ ಹೆಂಗಸಿಗೂ ಹೇಳಲಾರೆ. ಬಡವರು ಮಣ್ಣಿನಲ್ಲಿರಲಿ, ಪರಿಸರ ಉಳಿಯಲಿ ಎನ್ನುವುದು ಉಂಡವರ ಉಪದೇಶ.

ಆದರೆ ಅಜ್ಜಿಯ ಮಾತಿನಲ್ಲೇ ನನ್ನ ವಾದವೂ ಇದೆ. ಅವರಿಗೆ ಬೇಡವಾದದ್ದು ಸುಣ್ಣವಲ್ಲ. ಅಂಗೈ ಸುಡುವ ಕೆಲಸ ಮತ್ತು ಅರ್ಧ ಕೂಲಿ. ಅರೆಯಲು ಈಗ ಯಂತ್ರವಿದೆ, ಕೈಗವಸು ಇದೆ, ಸರಿಯಾದ ಕೂಲಿ ಕೊಡುವ ಕಾಯಿದೆಯೂ ಇದೆ. ಹಳೆಯದೆಂದರೆ ಹೊಸದನ್ನು ಬಿಟ್ಟದ್ದು ಎಂದೇನೂ ಅಲ್ಲ. ನಾವು ಪರಂಪರೆ ಎನ್ನುವ ಮಂಗಳೂರು ಹೆಂಚೇ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಕಾರ್ಖಾನೆಯ ಮಾಲು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು, ಮಣ್ಣಿಗೆ ಸ್ವಲ್ಪವೇ ಸಿಮೆಂಟೋ ಸುಣ್ಣವೋ ಬೆರೆಸಿ ಯಂತ್ರದಲ್ಲಿ ಒತ್ತಿ ಸುಡದ ಇಟ್ಟಿಗೆ ಮಾಡಿ ತೋರಿಸಿದರು. ಕೇರಳದಲ್ಲಿ ಲಾರಿ ಬೇಕರ್ 2007ರಲ್ಲಿ ತೀರಿಕೊಳ್ಳುವವರೆಗೂ ಕಡಿಮೆ ಖರ್ಚಿನ, ಗಾಳಿ ಬೆಳಕಿನ ಮನೆ ಕಟ್ಟಿದರು. ದಾರಿ ಇಲ್ಲವೆಂದಲ್ಲ, ನಾವು ಆ ದಾರಿಯಲ್ಲಿ ನಡೆಯಲಿಲ್ಲ.

ನಡೆಯದೆ ಇದ್ದುದಕ್ಕೆ ಬೆಲೆ ತೆರುತ್ತಿದ್ದೇವೆ. ಸಿಮೆಂಟಿನ ಗೂಡು ಸುಮಾರು 1450 ಡಿಗ್ರಿಯಲ್ಲಿ ಉರಿಯಬೇಕು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದೇ ಎನ್ನುತ್ತಾರೆ. ಸುಣ್ಣ ಸುಡುವಾಗಲೂ ಹೊಗೆ ಬರುತ್ತದೆ, ಸುಳ್ಳೇಕೆ? ಆದರೆ ಸುಣ್ಣ ಬಿಟ್ಟದ್ದರಲ್ಲಿ ಒಂದಷ್ಟನ್ನು ಗೋಡೆಯಾಗಿ ನಿಂತು ತಾನೇ ಹಿಂದಕ್ಕೆ ಪಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನೂರು ವರ್ಷ ನಿಲ್ಲಬಲ್ಲ ಕಟ್ಟಡವನ್ನು ಕೆಡವಿ ಇಪ್ಪತ್ತು ವರ್ಷಕ್ಕೆ ಸೋರುವ ಕಟ್ಟಡ ಕಟ್ಟುವುದು ಯಾವ ಲೆಕ್ಕದಲ್ಲಿ ಉಳಿತಾಯ? ನಮ್ಮ ಶಾಲೆಯ ಹೊಸ ಕಟ್ಟಡದ ಆರ್.ಸಿ.ಸಿ. ಚಾವಣಿಯಲ್ಲಿ ಐದನೆಯ ವರ್ಷವೇ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಉದುರಿತು. ಅದಕ್ಕೆ ಯಾರೂ ಶಿಥಿಲ ಎಂದು ಬರೆಯಲಿಲ್ಲ. “ಸಣ್ಣ ರಿಪೇರಿ” ಎಂದು ಬರೆದರು.

ಹಾಗಾಗಿ ನನ್ನ ಜಗಳ ಹೊಸ ಮನೆ ಕಟ್ಟಿಸುವ ಗೃಹಿಣಿಯ ಜೊತೆ ಅಲ್ಲ. ಹಳೆಯ ಕಟ್ಟಡ ಕೈಯಲ್ಲಿಟ್ಟುಕೊಂಡು ಅದಕ್ಕೆ ಸಿಮೆಂಟು ಮೆತ್ತುವ ಇಲಾಖೆಗಳ ಜೊತೆ, ದೇವಸ್ಥಾನದ ಸಮಿತಿಗಳ ಜೊತೆ, ಸುಣ್ಣದ ಪಾಠವನ್ನು ಒಂದು ಗಂಟೆಯಲ್ಲಿ ಮುಗಿಸುವ ಕಾಲೇಜುಗಳ ಜೊತೆ. ಸಂಶೋಧನೆ ಮಾಡುವವರೊಡನೆಯೂ ಒಂದು ಸಣ್ಣ ತಕರಾರಿದೆ. ಹಳೆಯ ಗಾರೆಯ ಚೂರನ್ನು ಪ್ರಯೋಗಶಾಲೆಗೆ ಒಯ್ದು ಬೆಲ್ಲವೆಷ್ಟು, ಅಳಲೆಯೆಷ್ಟು ಎಂದು ಹುಡುಕುತ್ತೀರಿ, ಸಂತೋಷ. ಆ ಗಾರೆ ಬಡಿದ ಹೆಂಗಸರು ಕೆಲವು ಊರುಗಳಲ್ಲಿ ಇನ್ನೂ ಜಗಲಿಯ ಮೇಲೆ ಕೂತಿದ್ದಾರೆ. ಅವರನ್ನೂ ಕೇಳಿ, ಬೇಗ ಕೇಳಿ.

ಓದುವ ಅಕ್ಕತಂಗಿಯರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಶಾಲೆಯ ಸಮಿತಿಯಲ್ಲಿದ್ದೀರಿ, ಪಂಚಾಯಿತಿ, ಪುರಸಭೆಯ ಸದಸ್ಯರಾಗಿದ್ದೀರಿ, ಅತ್ತೆಯ ಕಾಲದ ಮನೆಯ ಯಜಮಾನ್ತಿಯರಾಗಿದ್ದೀರಿ. ದುರಸ್ತಿಯ ಕಾಗದ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಗೋಡೆ ಮೊದಲು ಯಾವ ಗಾರೆಯಲ್ಲಿ ಕಟ್ಟಿದ್ದು? ನೀರು ಎಲ್ಲಿಂದ ಬರುತ್ತಿದೆ? ಈಗ ಮೇಲೆ ಬಳಿಯುವುದು ಆ ನೀರನ್ನು ಹೊರಗೆ ಬಿಡುತ್ತದೋ, ಒಳಗೆ ಕಟ್ಟಿಹಾಕುತ್ತದೋ? ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ. ಈ ಮೂರರಲ್ಲಿ ಒಂದನ್ನೂ ಅಂದು ನಾನು ಕೇಳಲಿಲ್ಲ.