ವಿದ್ಯಾರ್ಥಿಯ ಉದ್ಯಮ ಚಿಂತನೆಗೆ ಪೇಟೆಯೇ ಪರೀಕ್ಷಾ ಕೇಂದ್ರವಾಗಲಿ

ಕಾಲೇಜುಗಳಲ್ಲಿ ಇಂದು ಉದ್ಯಮಶೀಲತೆಯ ಮಾತಿಗೆ ಕೊರತೆಯಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ನವೋದ್ಯಮ ನೀತಿಯನ್ನು ರೂಪಿಸಿತು. ಕೇಂದ್ರ ಸರ್ಕಾರದ ‘ಸ್ಟಾರ್ಟ್‌ಅಪ್ ಇಂಡಿಯಾ’ ಕಾರ್ಯಕ್ರಮಕ್ಕೆ 2016ರ ಜನವರಿ 16ರಂದು ಚಾಲನೆ ದೊರೆಯಿತು. ಅಲ್ಲಿಂದೀಚೆಗೆ ಉದ್ಯಮ ಚಿಂತನೆಗಳ ಸ್ಪರ್ಧೆ, ಪ್ರದರ್ಶನ ಮತ್ತು ಕಾರ್ಯಾಗಾರಗಳು ಶೈಕ್ಷಣಿಕ ವರ್ಷದ ಅವಿಭಾಜ್ಯ ಅಂಗವಾಗಿವೆ. ವಿದ್ಯಾರ್ಥಿಯು ವೇದಿಕೆಯ ಮೇಲೆ ಹತ್ತು ನಿಮಿಷ ಮಾತನಾಡುತ್ತಾನೆ, ತೀರ್ಪುಗಾರರು ಅಂಕ ನೀಡುತ್ತಾರೆ, ಫಲಕ ಹಾಗೂ ಪ್ರಮಾಣಪತ್ರ ವಿತರಣೆಯಾಗುತ್ತದೆ. ಆದರೆ ಬಹುಮಾನ ಪಡೆದ ಆ ಚಿಂತನೆ ಮರುದಿನ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ವಿರಳ. ಬಹುತೇಕ ಪ್ರಸಂಗಗಳಲ್ಲಿ ಅದು ವರದಿಯ ಪುಟಗಳಲ್ಲಿಯೇ ಉಳಿಯುತ್ತದೆ.

ಇದಕ್ಕೆ ವಿದ್ಯಾರ್ಥಿಯ ಆಲಸ್ಯವಾಗಲಿ ಅಧ್ಯಾಪಕರ ಉದಾಸೀನವಾಗಲಿ ಮುಖ್ಯ ಕಾರಣವಲ್ಲ. ಚಿಂತನೆಯನ್ನು ಪರೀಕ್ಷಿಸಬೇಕಾದವನು ತೀರ್ಪುಗಾರನಲ್ಲ, ಗಿರಾಕಿ. ಆ ಗಿರಾಕಿಯನ್ನು ಬಲ್ಲವರು ವರ್ತಕರು ಮತ್ತು ಸಣ್ಣ ತಯಾರಕರು. ಅವರು ಈ ಕಾರ್ಯದಿಂದ ದೂರ ಉಳಿದಿರುವುದೇ ನಿಜವಾದ ಕೊರತೆ. ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪಟ್ಟಣಗಳ ಮಟ್ಟಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಮಾದರಿ ನೋಡಿ ದರ ಕಟ್ಟಿದ ನಾಡು

ಈ ಕರಾವಳಿಗೆ ವ್ಯಾಪಾರ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಹತ್ತಿ ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ಬಂದ ಹೆಸರು ‘ಕುಮಟಾ ಹತ್ತಿ’. ಮುಂದೆ 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲು ಮಾರ್ಗ ಸಿದ್ಧವಾದಾಗ ಸರಕು ದಾರಿ ಬದಲಿಸಿತು, ಕುಮಟೆಯ ವಹಿವಾಟು ಕುಗ್ಗಿತು. ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ ದರ ಕಟ್ಟುವುದು, ಸಣ್ಣ ಪ್ರಮಾಣದಲ್ಲಿ ಕೊಂಡು ಗುಣ ಪರೀಕ್ಷಿಸಿ ಅನಂತರ ದೊಡ್ಡ ಬೇಡಿಕೆ ಸಲ್ಲಿಸುವುದು, ದಾರಿ ಬದಲಾದಾಗ ವ್ಯವಹಾರವನ್ನೂ ಬದಲಿಸುವುದು ವರ್ತಕನ ಸಹಜ ವಿದ್ಯೆ. ಇಂದು ನಿರ್ವಹಣಾಶಾಸ್ತ್ರದ ಪುಸ್ತಕಗಳು ‘ಮಾರುಕಟ್ಟೆ ಪರೀಕ್ಷೆ’ ಎಂದು ಬೋಧಿಸುವುದು ಈ ವಿದ್ಯೆಯನ್ನೇ.

ಇದನ್ನು ಕಲಿಯಬೇಕಾದ ವಿದ್ಯಾರ್ಥಿಗಳು ಇದೇ ಊರುಗಳಲ್ಲಿದ್ದಾರೆ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯ ತಾಂತ್ರಿಕ ಮಹಾವಿದ್ಯಾಲಯ 1980ರಿಂದ ನಡೆಯುತ್ತಿದೆ. ಹೊನ್ನಾವರದಲ್ಲಿ ಎಸ್.ಡಿ.ಎಂ. ಕಾಲೇಜು ಮತ್ತು ಕುಮಟೆಯಲ್ಲಿ ಡಾ. ಎ.ವಿ. ಬಾಳಿಗಾ ಕಾಲೇಜು ಹಲವು ತಲೆಮಾರುಗಳಿಗೆ ಪದವಿ ನೀಡಿವೆ. ಮೂರೂ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 66 ಹಾಗೂ ಕೊಂಕಣ ರೈಲ್ವೆ ಜೋಡಿಸಿವೆ. ಬೆಳಿಗ್ಗೆ ಭಟ್ಕಳದಿಂದ ಹೊರಟ ವಿದ್ಯಾರ್ಥಿ ಮೂರು ಪೇಟೆಗಳನ್ನು ಕಂಡು ಸಂಜೆಗೆ ಮನೆ ಸೇರಬಹುದು. ಆದರೂ ಪದವಿ ಮುಗಿಸಿದವರ ದೃಷ್ಟಿ ಬೆಂಗಳೂರು, ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳತ್ತ ನೆಟ್ಟಿರುತ್ತದೆ. ಊರಿನ ಉತ್ಪನ್ನ ಕಚ್ಚಾ ರೂಪದಲ್ಲಿಯೇ ಹೊರಗೆ ಹೋಗುತ್ತದೆ, ಹೊರಗಿನ ಸಿದ್ಧವಸ್ತು ಊರಿನ ಅಂಗಡಿಯ ಕಪಾಟು ತುಂಬುತ್ತದೆ. ಇದರ ನಷ್ಟ ಕೇವಲ ವಿದ್ಯಾರ್ಥಿಯದಲ್ಲ, ಪೇಟೆಯದೂ ಹೌದು.

ನಿರಾಕರಣೆಯಿಂದ ಹುಟ್ಟಿದ ಉದ್ಯಮ

ಪರೀಕ್ಷೆ ಎಂದರೇನು ಎಂಬುದಕ್ಕೆ ಬೆಂಗಳೂರಿನಲ್ಲಿ ಹುಟ್ಟಿದ ‘ರೆಡ್‌ಬಸ್’ ಒಳ್ಳೆಯ ನಿದರ್ಶನ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಟಿಕೆಟ್ ದೊರೆಯದ ಯುವ ಎಂಜಿನಿಯರ್ ಫಣೀಂದ್ರ ಸಾಮಾ ಮತ್ತು ಅವರ ಗೆಳೆಯರು ಬಸ್ ಮಾಲೀಕರಿಗಾಗಿ ಆಸನ ನಿರ್ವಹಣೆಯ ತಂತ್ರಾಂಶವೊಂದನ್ನು ಸಿದ್ಧಪಡಿಸಿದರು. ಮಾಲೀಕರು ಅದನ್ನು ಉಚಿತವಾಗಿಯೂ ಸ್ವೀಕರಿಸಲಿಲ್ಲ. ಅವರಿಗೆ ಬೇಕಾಗಿದ್ದುದು ತಂತ್ರಾಂಶವಲ್ಲ, ಖಾಲಿ ಆಸನಗಳ ಮಾರಾಟ. ಗೆಳೆಯರು ದಾರಿ ಬದಲಿಸಿ 2006ರಲ್ಲಿ ಟಿಕೆಟ್ ಮಾರಾಟಕ್ಕೇ ಇಳಿದರು. ಆ ಸಂಸ್ಥೆ ಬೆಳೆದು 2013ರಲ್ಲಿ ಐಬಿಬೊ ಸಮೂಹದ ಪಾಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೊದಲ ಚಿಂತನೆ ತಪ್ಪಾಗಿತ್ತು. ಅದು ತಪ್ಪೆಂದು ತಿಳಿಸಿದವರು ಪ್ರಾಧ್ಯಾಪಕರಲ್ಲ, ಬಸ್ ಮಾಲೀಕರು. ಅವರ ನಿರಾಕರಣೆಯೇ ಆ ಯುವಕರಿಗೆ ದೊರೆತ ಅತ್ಯಂತ ಬೆಲೆಯುಳ್ಳ ಮಾಹಿತಿ.

ಮೂರು ಊರು, ಮೂರು ಪರೀಕ್ಷೆ

ಇದೇ ಪಾಠವನ್ನು ಈ ಮೂರು ಪಟ್ಟಣಗಳಿಗೆ ಅನ್ವಯಿಸಿ ನೋಡಬಹುದು. ಭಟ್ಕಳದ ತಾಂತ್ರಿಕ ವಿದ್ಯಾರ್ಥಿಯೊಬ್ಬ ಜವಳಿ ಅಂಗಡಿಗಳಿಗಾಗಿ ದಾಸ್ತಾನು ಲೆಕ್ಕದ ತಂತ್ರಾಂಶ ರಚಿಸುತ್ತಾನೆ ಎಂದು ಭಾವಿಸಬಹುದು. ತರಗತಿಯಲ್ಲಿ ಅದಕ್ಕೆ ಪ್ರಥಮ ಸ್ಥಾನ ದೊರೆತೀತು. ಆದರೆ ಅಂಗಡಿಯ ಯಜಮಾನರಿಗೆ ಯಾವ ಕಪಾಟಿನಲ್ಲಿ ಎಷ್ಟು ಥಾನು ಇದೆ ಎಂಬುದು ಬಾಯಿಪಾಠ. ಅವರ ನಿದ್ದೆಗೆಡಿಸುವುದು ಉದ್ರಿ ಬಾಕಿ. ಒಂದು ವಾರ ಗಲ್ಲಾದ ಪಕ್ಕ ಕುಳಿತರೆ ಈ ಸಂಗತಿ ತಾನಾಗಿಯೇ ತಿಳಿಯುತ್ತದೆ. ಆರು ತಿಂಗಳ ಪರಿಶ್ರಮದ ನಂತರ ತಿಳಿಯುವ ಬದಲು ಮೊದಲ ವಾರದಲ್ಲಿಯೇ ತಿಳಿದರೆ ಉಳಿತಾಯವೆಷ್ಟು!

ಹೊನ್ನಾವರದ ಕಾಸರಕೋಡ ಟೊಂಕಾದಲ್ಲಿ ಮಹಿಳೆಯರು ಮರಳ ದಂಡೆಯ ಮೇಲೆ ಮೀನು ಒಣಗಿಸುತ್ತಾರೆ. ಅದನ್ನು ಕಂಡ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸೌರ ಒಣಗಿಸುವ ಯಂತ್ರ ಹೊಳೆಯುವುದು ಸಹಜ. ಯಂತ್ರ ಕೆಲಸ ಮಾಡುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಮರಳಿಲ್ಲದ, ಶುಚಿಯಾದ ಒಣಮೀನಿಗೆ ಗಿರಾಕಿ ಹೆಚ್ಚಿನ ಬೆಲೆ ಕೊಡುತ್ತಾನೆಯೇ ಎಂಬುದೇ ಮೊದಲ ಪ್ರಶ್ನೆ. ಇದಕ್ಕೆ ಯಂತ್ರ ಬೇಕಾಗಿಲ್ಲ. ಕಂಬ ನೆಟ್ಟು, ಎತ್ತರದಲ್ಲಿ ಬಲೆ ಕಟ್ಟಿ, 20 ಕಿಲೋ ಮೀನು ಒಣಗಿಸಿ, ಚಿಕ್ಕ ಪೊಟ್ಟಣಗಳಲ್ಲಿ ನಾಲ್ಕು ಅಂಗಡಿಗಳಲ್ಲಿ ಇಟ್ಟರೆ ಸಾಕು. ಗಿರಾಕಿ ಹೆಚ್ಚು ಬೆಲೆ ಕೊಡದಿದ್ದರೆ ಯಂತ್ರದ ಸಾಲದ ಕಂತು ಕಟ್ಟುವವರಾರು?

ಕುಮಟಾ ತಾಲ್ಲೂಕಿನ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗಾಡುತ್ತದೆ. ಅದನ್ನು ಮೊಬೈಲ್ ಮೂಲಕ ಹುಬ್ಬಳ್ಳಿ, ಬೆಂಗಳೂರಿನ ಮನೆಗಳಿಗೆ ತಲುಪಿಸುವ ಯೋಜನೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಆ್ಯಪ್ ನಿರ್ಮಾಣಕ್ಕೆ ಮುನ್ನ ಪರಿಚಿತರಲ್ಲದ 25 ಮನೆಗಳಿಂದ ಮುಂಗಡ ಹಣ ಪಡೆದು 25 ಪಾರ್ಸೆಲ್ ಕಳುಹಿಸಿ ನೋಡಬೇಕು. ರೈತನಿಗೆ ಕೊಟ್ಟ ಬೆಲೆ, ಪೆಟ್ಟಿಗೆ, ಸಾಗಾಣಿಕೆ, ದಾರಿಯಲ್ಲಿ ಕೊಳೆತ ಪಾಲು, ವಿದ್ಯಾರ್ಥಿಯ ಸ್ವಂತ ದುಡಿಮೆಯ ಕೂಲಿ, ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಲಾಭವೋ ನಷ್ಟವೋ ಸ್ಪಷ್ಟವಾಗುತ್ತದೆ.

ಕರಾವಳಿಯ ಋತುಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದಲ್ಲಿ ಮುರ್ಡೇಶ್ವರದ ಕಡಲತೀರದ ಪ್ರವಾಸಿ ವ್ಯಾಪಾರ ಇಳಿಯುತ್ತದೆ. ಈರುಳ್ಳಿ ಬರುವ ಕಾಲಕ್ಕೆ ಹಲವು ಬಾರಿ ಕಾಲೇಜಿನ ಪರೀಕ್ಷೆಗಳೂ ಎದುರಾಗುತ್ತವೆ. ಸೆಮಿಸ್ಟರಿನ ವೇಳಾಪಟ್ಟಿಗೆ ಪೇಟೆ ಹೊಂದಿಕೊಳ್ಳುವುದಿಲ್ಲ, ಪೇಟೆಗೆ ವಿದ್ಯಾರ್ಥಿಯ ಯೋಜನೆಯೇ ಹೊಂದಿಕೊಳ್ಳಬೇಕು.

ಹೊಗಳಿಕೆ ಬೇರೆ, ಖರೀದಿ ಬೇರೆ

ಊರಿನ ಹುಡುಗ ಅಥವಾ ಹುಡುಗಿ ಹೊಸ ವಸ್ತುವೊಂದನ್ನು ಹಿಡಿದು ಬಂದಾಗ ‘ಬಹಳ ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳುಹಿಸುವುದು ಸೌಜನ್ಯವೇ ಸರಿ. ಆದರೆ ಅದು ವಿದ್ಯಾರ್ಥಿಯನ್ನು ದಾರಿ ತಪ್ಪಿಸುವ ಸೌಜನ್ಯ. ದಾಕ್ಷಿಣ್ಯಕ್ಕೆ ಕೊಂಡ ಒಂದು ಬಾಟಲಿಯೂ ಅಷ್ಟೇ. ಪರೀಕ್ಷೆಯ ಫಲಿತಾಂಶ ತಿಳಿಯುವುದು ಎರಡನೆಯ ಖರೀದಿಯಲ್ಲಿ. ಪರಿಚಯವಿಲ್ಲದ ಗಿರಾಕಿ ತನ್ನ ಹಣ ಕೊಟ್ಟು ಕೊಂಡು, ಮುಗಿದ ಮೇಲೆ ಮತ್ತೆ ಕೇಳಿಕೊಂಡು ಬಂದರೆ ಚಿಂತನೆ ಉತ್ತೀರ್ಣವಾದಂತೆ. ಬಾರದಿದ್ದರೆ ಕಾರಣವನ್ನು ವಿಚಾರಿಸಬೇಕು. ಎಷ್ಟು ಹಣ ಮತ್ತು ಎಷ್ಟು ದಿನಗಳ ನಂತರ ಪ್ರಯತ್ನವನ್ನು ನಿಲ್ಲಿಸಬೇಕೆಂಬುದನ್ನು ಆರಂಭದಲ್ಲಿಯೇ ಬರೆದಿಟ್ಟುಕೊಂಡರೆ, ಸೋತಾಗಲೂ ಮನೆಯವರ ಉಳಿತಾಯಕ್ಕೆ ಧಕ್ಕೆ ಬರುವುದಿಲ್ಲ.

ಕಾನೂನಿನ ತೊಡಕುಗಳ ಭಯ ಅನೇಕರನ್ನು ಹಿಂಜರಿಯುವಂತೆ ಮಾಡುತ್ತದೆ. ವಾಸ್ತವದಲ್ಲಿ ಆರಂಭದ ನಿಯಮಗಳು ಅಷ್ಟು ಕಠಿಣವಲ್ಲ. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆಗೊಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವಾಗ ಈ ರಿಯಾಯಿತಿಯನ್ನು ನಂಬಿ ಕೂರುವಂತಿಲ್ಲ. 2020ರ ಜುಲೈನಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಆಹಾರ ಪದಾರ್ಥವಾದರೆ ಅತಿ ಸಣ್ಣ ತಯಾರಕರೂ ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿ ಪಡೆಯಲೇಬೇಕು. ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು ಹಾಗೂ ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಈ ವಿಷಯಗಳನ್ನು ಅನುಭವಿ ವರ್ತಕರೊಬ್ಬರು ಅರ್ಧ ಗಂಟೆಯಲ್ಲಿ ವಿವರಿಸಬಲ್ಲರು.

ವರ್ತಕರ ಆಕ್ಷೇಪ ಮತ್ತು ಹೊಣೆ

‘ವಿದ್ಯಾರ್ಥಿಗಳು ಎರಡು ತಿಂಗಳು ಬಂದು ಹೋಗುತ್ತಾರೆ, ಪದವಿ ದೊರೆತ ಮೇಲೆ ಊರನ್ನೇ ಬಿಡುತ್ತಾರೆ, ಅವರಿಗಾಗಿ ಸಮಯ ವ್ಯಯಿಸುವುದೇಕೆ?’ ಎಂಬುದು ವರ್ತಕರ ಸಾಮಾನ್ಯ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆ. ಆದರೆ ಊರಿನಲ್ಲಿ ಉಳಿಯಲು ಕಾರಣವೊಂದನ್ನು ತೋರಿಸದೆ ಊರು ಬಿಟ್ಟರೆಂದು ದೂರುವುದು ನ್ಯಾಯವಲ್ಲ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನ ‘ಲೀಡ್’ ಕಾರ್ಯಕ್ರಮದ ಮೂಲಕ ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತ ನೀಡಿ, ತಮ್ಮ ಚಿಂತನೆಯನ್ನು ಸ್ವಂತ ಊರಿನಲ್ಲಿಯೇ ಕಾರ್ಯರೂಪಕ್ಕೆ ತರುವಂತೆ ಪ್ರೋತ್ಸಾಹಿಸಿದೆ. ಉತ್ತರ ಕರ್ನಾಟಕದ ಸಾಮಾನ್ಯ ಕಾಲೇಜುಗಳ ವಿದ್ಯಾರ್ಥಿಗಳೂ ಅದರಲ್ಲಿ ಪಾಲ್ಗೊಂಡಿದ್ದಾರೆ. ಕರಾವಳಿಯ ಈ ಮೂರು ಪಟ್ಟಣಗಳಲ್ಲಿ ಅಂಥದೊಂದು ಕಾರ್ಯಕ್ಕೆ ದೊಡ್ಡ ಕಟ್ಟಡವಾಗಲಿ ಸರ್ಕಾರದ ಅನುದಾನವಾಗಲಿ ಅನಿವಾರ್ಯವಲ್ಲ.

ಬೇಕಾಗಿರುವುದು ಇಷ್ಟೇ. ಪ್ರತಿ ಅಂಗಡಿಯವರು ವರ್ಷಕ್ಕೆ ಒಂದು ವಿದ್ಯಾರ್ಥಿ ತಂಡಕ್ಕೆ 60 ದಿನಗಳ ಮಟ್ಟಿಗೆ ಕಪಾಟಿನ ಒಂದು ಮೂಲೆಯನ್ನು ಬಿಟ್ಟುಕೊಡಲಿ. ಮಾರಾಟವಾದ ಸರಕಿನ ಹಣವನ್ನು ಉದ್ರಿ ಮಾಡದೆ ವಾರಕ್ಕೊಮ್ಮೆ ನಗದಾಗಿ ಪಾವತಿಸಲಿ. ಮಾರಾಟವಾಗದಿದ್ದರೆ ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸಲಿ. ಸಣ್ಣ ತಯಾರಕರು ತಮ್ಮ ಕಾರ್ಖಾನೆಯ ಒಂದು ನಿಜವಾದ ಸಮಸ್ಯೆಯನ್ನು ಕಾಲೇಜಿನ ಮುಂದಿಡಲಿ. ಪರಿಹಾರ ಒಪ್ಪಿಗೆಯಾದರೆ ಅದಕ್ಕೆ ಬೆಲೆ ಕೊಡಲಿ. ವಿದ್ಯಾರ್ಥಿಯ ಚಿಂತನೆಯನ್ನು ಆತನ ಒಪ್ಪಿಗೆಯಿಲ್ಲದೆ ಬಳಸಿಕೊಳ್ಳುವುದಿಲ್ಲವೆಂದು ಒಂದು ಪುಟದ ಕರಾರು ಮಾಡಿಕೊಂಡರೆ ಉಭಯತರಿಗೂ ಕ್ಷೇಮ. ಕಾಲೇಜುಗಳೂ ವರದಿಯ ಅಂದಕ್ಕೆ ಅಂಕ ಕೊಡುವ ಬದಲು ಮಾರಾಟದ ಪುಸ್ತಕಕ್ಕೆ ಅಂಕ ಕೊಡಲಿ. ಪ್ರಾಮಾಣಿಕವಾಗಿ ಲೆಕ್ಕವಿಟ್ಟು ಸೋತ ವಿದ್ಯಾರ್ಥಿಗೂ ಪೂರ್ಣ ಅಂಕ ದೊರೆಯಲಿ.

ವಾಣಿಜ್ಯ ಸಂಘಗಳ ಹೊಣೆಯೂ ಇಲ್ಲಿ ಸ್ಪಷ್ಟವಾಗಿದೆ. ವಾರ್ಷಿಕ ಸಮಾರಂಭದಲ್ಲಿ ನೀಡುವ ನಗದು ಬಹುಮಾನದ ಮೊತ್ತವನ್ನು ಹಾಗೆಯೇ ‘ಪ್ರಾಯೋಗಿಕ ಖರೀದಿ’ಗೆ ತಿರುಗಿಸಬಹುದು. 10,000 ರೂಪಾಯಿಯ ಬಹುಮಾನ ಒಬ್ಬನಿಗೆ ಒಂದು ದಿನದ ಸಂತೋಷ. ಅದೇ 10,000 ರೂಪಾಯಿಯನ್ನು ಐದು ತಂಡಗಳಿಗೆ ತಲಾ 2,000 ರೂಪಾಯಿಯ ಬೇಡಿಕೆಯಾಗಿ ಹಂಚಿದರೆ ಐವರೂ ತಯಾರಿಕೆ, ಗಡುವು, ಗುಣಮಟ್ಟ, ಬಿಲ್ಲು ಮತ್ತು ವಸೂಲಿಯ ಪಾಠ ಕಲಿಯುತ್ತಾರೆ. ಐವರಲ್ಲಿ ನಾಲ್ವರು ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ. ಉಳಿದ ಒಬ್ಬರು ನಾಳೆ ಈ ಪೇಟೆಯಲ್ಲಿಯೇ ಅಂಗಡಿ ತೆರೆದಾರು, ನಾಲ್ಕು ಜನರಿಗೆ ಕೆಲಸ ಕೊಟ್ಟಾರು. ಬರುವ ಶೈಕ್ಷಣಿಕ ವರ್ಷದಿಂದಲೇ ಭಟ್ಕಳ, ಹೊನ್ನಾವರ ಮತ್ತು ಕುಮಟೆಯ ವರ್ತಕ ಬಾಂಧವರು ಈ ಪ್ರಯೋಗಕ್ಕೆ ಮುಂದಾಗುವುದು ಅಪೇಕ್ಷಣೀಯ.